ಶರತ್ಕಾಲದ ಅಂಗಳಕ್ಕೆ ಅಡುಗೆಮನೆಯ ಬಣ್ಣ: ಕಲಬುರಗಿ ಸೀಮೆಯ ಕೈತೋಟಕ್ಕೊಂದು ವಿವರಣೆ

ಶರತ್ಕಾಲವೆಂದೊಡನೆ ತಂಪು ದೇಶಗಳ ಚಿತ್ರಗಳಲ್ಲಿ ಕಾಣುವ, ಮರವೇ ಕೆಂಪಾಗಿ ಹಳದಿಯಾಗಿ ಎಲೆ ಉದುರಿಸುವ ನೋಟವನ್ನು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಯಾರೂ ನಿರೀಕ್ಷಿಸುವಂತಿಲ್ಲ. ನಮ್ಮಲ್ಲಿ ಎಲೆ ಉದುರುವುದು ಮಾಘ-ಫಾಲ್ಗುಣದ ಒಣಹವೆಯಲ್ಲಿ. ಆಶ್ವಯುಜ-ಕಾರ್ತಿಕ ಮಾಸಗಳಲ್ಲಿ ಭೂಮಿ ಇನ್ನೂ ಹಸಿಯಾಗಿರುತ್ತದೆ, ಹೊಲಗಳು ತುಂಬಿರುತ್ತವೆ, ತೊಗರಿ ಹಳದಿ ಹೂವಿಗೆ ಬರುತ್ತದೆ, ಬದುಗಳ ಮೇಲೆ ಪುಂಡಿಯ ಕಾಂಡ ಕೆಂಪೇರಿ ನಿಂತಿರುತ್ತದೆ. ಈ ಸೀಮೆಯ ಶರತ್ಕಾಲದ ಬಣ್ಣ ಉದುರುವ ಎಲೆಯದಲ್ಲ, ಉಣ್ಣುವ ಬೆಳೆಯದು. ಹಾಗಿದ್ದೂ ಊರೊಳಗಿನ ಮನೆಗಳ ಮುಂದೆ ಅದೇ ಕ್ರೋಟನ್, ಅದೇ ಬಾಟಲ್ ಪಾಮ್, ಅದೇ ಹುಲ್ಲುಹಾಸು ಕಾಣುತ್ತದೆ. ವರ್ಷವಿಡೀ ಒಂದೇ ಬಣ್ಣ, ವರ್ಷವಿಡೀ ನೀರಿನ ಬೇಡಿಕೆ. ಹತ್ತು ಅಡಿ ಅಗಲದ ಅಂಗಳದಲ್ಲಿಯೂ ಮಹಾನವಮಿಯಿಂದ ಕಾರ್ತಿಕದ ಕೊನೆಯವರೆಗೆ ಕಣ್ಣಿಗೂ ಗಂಗಾಳಕ್ಕೂ ಒದಗುವ ತೋಟವನ್ನು ಮಾಡಿಕೊಳ್ಳಬಹುದು. ಆದರೆ ಅದಕ್ಕೆ ಗಿಡಗಳ ಪಟ್ಟಿಯೊಂದೇ ಸಾಲದು. ಬಣ್ಣ ಏಕೆ ಬರುತ್ತದೆ, ಯಾವಾಗ ಬರುತ್ತದೆ, ಕೊಯ್ದು ತಿನ್ನುವುದಕ್ಕೂ ನಿಲ್ಲಿಸಿ ನೋಡುವುದಕ್ಕೂ ನಡುವೆ ಎಲ್ಲಿ ಜಗಳ ಹುಟ್ಟುತ್ತದೆ ಎಂಬುದು ತಿಳಿದಿರಬೇಕು.

ಮೊದಲು ಬಣ್ಣದ ಮೂಲವನ್ನು ನೋಡೋಣ. ಗಿಡಗಳಲ್ಲಿ ನಮಗೆ ಕಾಣುವ ಬಣ್ಣಗಳಿಗೆ ಮುಖ್ಯವಾಗಿ ನಾಲ್ಕು ಬಗೆಯ ವರ್ಣದ್ರವ್ಯಗಳು ಕಾರಣ. ಹಸಿರಿಗೆ ಪತ್ರಹರಿತ್ತು ಅಂದರೆ ಕ್ಲೋರೊಫಿಲ್, ಹಳದಿ-ಕೇಸರಿಗೆ ಕೆರೋಟಿನಾಯ್ಡ್‌ಗಳು, ಕೆಂಪು-ನೇರಳೆ-ನೀಲಿಗೆ ಆಂಥೊಸಯನಿನ್‌ಗಳು, ಮತ್ತು ಒಂದು ವಿಶೇಷ ಗುಂಪಿನ ಗಿಡಗಳಲ್ಲಿ ಮಾತ್ರ ಕಾಣುವ ಬೀಟಾಲೇನ್‌ಗಳು. ಕೊನೆಯ ಎರಡರ ವಿಚಾರದಲ್ಲಿ ಪ್ರಕೃತಿ ಒಂದು ಕಟ್ಟುನಿಟ್ಟಿನ ವಿಭಜನೆ ಮಾಡಿದೆ: ಆಂಥೊಸಯನಿನ್ ತಯಾರಿಸುವ ಗಿಡ ಬೀಟಾಲೇನ್ ತಯಾರಿಸುವುದಿಲ್ಲ, ಬೀಟಾಲೇನ್ ತಯಾರಿಸುವ ಗಿಡದಲ್ಲಿ ಆಂಥೊಸಯನಿನ್ ಇರುವುದಿಲ್ಲ. ಕೆಂಪು ರಾಜಗಿರಿ, ಬೀಟ್‌ರೂಟ್, ಕೆಂಪು ಬಸಳೆ, ಕೋಳಿಜುಟ್ಟು ಇವು ಬೀಟಾಲೇನ್ ಬಳಗದವು. ಪುಂಡಿ, ನೇರಳೆ ಅವರೆ, ಬದನೆ, ಕೆಂಪು ಬೆಂಡೆ, ನೇರಳೆ ಮೆಣಸಿನಕಾಯಿ, ಶಂಖಪುಷ್ಪ ಇವು ಆಂಥೊಸಯನಿನ್ ಬಳಗದವು.

ಇದು ಬರಿಯ ಶಾಸ್ತ್ರದ ಮಾತಲ್ಲ, ಒಲೆಯ ಮುಂದೆ ನಿಂತವರಿಗೆ ತಕ್ಷಣ ಕಾಣುವ ಸಂಗತಿ. ನೇರಳೆ ಬಣ್ಣದ ಅವರೆಕಾಯಿಯನ್ನು ಕುದಿಯುವ ನೀರಿಗೆ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಅದು ಹಸಿರಾಗುತ್ತದೆ, ಏಕೆಂದರೆ ಸಿಪ್ಪೆಯ ಹೊರಪದರದಲ್ಲಿದ್ದ ಆಂಥೊಸಯನಿನ್ ನೀರಿಗಿಳಿದು, ಬಿಸಿಗೆ ಮಂಕಾಗಿ, ಅಡಿಯಲ್ಲಿದ್ದ ಪತ್ರಹರಿತ್ತು ಮಾತ್ರ ಕಾಣಿಸಿಕೊಳ್ಳುತ್ತದೆ. ಕೆಂಪು ಬೆಂಡೆಯದೂ ಅದೇ ಕಥೆ. ಶಂಖಪುಷ್ಪದ ನೀಲಿ ಕಷಾಯಕ್ಕೆ ನಿಂಬೆಹಣ್ಣು ಹಿಂಡಿದರೆ ಅದು ನೇರಳೆಗೆ ತಿರುಗುವುದು ಆಂಥೊಸಯನಿನ್ ಹುಳಿಗೆ ಸ್ಪಂದಿಸುವ ಗುಣದಿಂದ. ರಾಜಗಿರಿಯ ಕೆಂಪು ಹಾಗೆ ಹುಳಿಗೆ ಹೆದರುವುದಿಲ್ಲ, ಹುಣಸೆ ರಸ ಬಿದ್ದರೂ ಕೆಂಪಾಗಿಯೇ ಉಳಿಯುತ್ತದೆ. ಅದು ಸೋಲುವುದು ದೀರ್ಘ ಉರಿಗೆ. ಆದ್ದರಿಂದ ಬಣ್ಣ ತಟ್ಟೆಯವರೆಗೂ ಬರಬೇಕೆನ್ನುವವರು ರಾಜಗಿರಿಯನ್ನು ಬೇಗ ಬಾಡಿಸಿ ಇಳಿಸಬೇಕು, ಬೆಂಡೆಯನ್ನು ಹಸಿಯಾಗಿ ಕೋಸಂಬರಿಗೆ ಹೆಚ್ಚಬೇಕು. ಮಾಗಿದ ಮೆಣಸಿನಕಾಯಿಯ ಕೆಂಪು ಮತ್ತು ಚೆಂಡು ಹೂವಿನ ಹಳದಿ ಕೆರೋಟಿನಾಯ್ಡ್‌ಗಳವು. ಅವು ಎಣ್ಣೆಯಲ್ಲಿ ಕರಗುವಂಥವು, ಆದ್ದರಿಂದಲೇ ಒಗ್ಗರಣೆಯ ಎಣ್ಣೆ ಕೆಂಪಾಗುತ್ತದೆ.

ಇನ್ನು ಈ ಬಣ್ಣಗಳು ಶರತ್ಕಾಲದಲ್ಲಿಯೇ ಏಕೆ ಗಾಢವಾಗುತ್ತವೆ? ಮೂರು ಕಾರಣಗಳಿವೆ. ಮಳೆಯ ಮೋಡ ಸರಿದು ಬಿಸಿಲು ನೇರವಾಗಿ ಬೀಳತೊಡಗುತ್ತದೆ. ಆಂಥೊಸಯನಿನ್ ಇರಲಿ, ರಾಜಗಿರಿಯ ಬೀಟಾಲೇನ್ ಇರಲಿ, ಎರಡಕ್ಕೂ ಬಿಸಿಲು ಬೇಕು. ಗೋಡೆಯ ನೆರಳಿನಲ್ಲಿ ಬಿತ್ತಿದ ಕೆಂಪು ರಾಜಗಿರಿಯ ಎಲೆ ಹಿಗ್ಗಿ, ತೆಳುವಾಗಿ, ಹಸಿರು ಮಿಶ್ರಿತ ಮಂಕು ಕೆಂಪಾಗಿ ಉಳಿಯುವುದನ್ನು, ಅದೇ ಬೀಜದ ಗಿಡ ಬಯಲಿನಲ್ಲಿ ದಾಳಿಂಬೆ ಕಾಳಿನ ಕೆಂಪಿಗೆ ಬರುವುದನ್ನು ಒಂದೇ ಮಡಿಯಲ್ಲಿ ಕಾಣಬಹುದು. ಎರಡನೆಯದು ರಾತ್ರಿಯ ತಂಪು. ಹಗಲಿನಲ್ಲಿ ಎಲೆ ತಯಾರಿಸಿದ ಸಕ್ಕರೆ ತಂಪು ರಾತ್ರಿಯಲ್ಲಿ ಕಡಿಮೆ ಖರ್ಚಾಗಿ ಉಳಿಯುತ್ತದೆ, ಹೀಗೆ ಉಳಿದ ಸಕ್ಕರೆ ಆಂಥೊಸಯನಿನ್ ತಯಾರಿಕೆಯನ್ನು ಹೆಚ್ಚಿಸುತ್ತದೆ. ಮೂರನೆಯದು, ನಮ್ಮ ಸೀಮೆಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಹಗಲಿನ ಉದ್ದ.

ಕಲಬುರಗಿ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಜೂನ್ ಕೊನೆಯ ಹೊತ್ತಿಗೆ ಹಗಲು 13 ಗಂಟೆಗಿಂತ ತುಸು ಹೆಚ್ಚು, ಸೆಪ್ಟೆಂಬರ್ ಕೊನೆಗೆ ಸುಮಾರು 12 ಗಂಟೆ, ಡಿಸೆಂಬರ್ ಕೊನೆಗೆ 11 ಗಂಟೆಯ ಆಸುಪಾಸು. ಎರಡು ಗಂಟೆಯ ಈ ವ್ಯತ್ಯಾಸ ನಮಗೆ ಅಷ್ಟಾಗಿ ಗೊತ್ತಾಗದಿದ್ದರೂ ಪುಂಡಿ, ಸಾಂಪ್ರದಾಯಿಕ ಅವರೆ, ಬಸಳೆಯಂಥ ಗಿಡಗಳು ಅದನ್ನು ಲೆಕ್ಕವಿಡುತ್ತವೆ. ಇವು ಹ್ರಸ್ವಹಗಲಿನ ಗಿಡಗಳು. ರಾತ್ರಿ ಒಂದು ಮಿತಿಗಿಂತ ಉದ್ದವಾದಾಗ ಮಾತ್ರ ಹೂವಿಗೆ ತಿರುಗುತ್ತವೆ. ಆದ್ದರಿಂದ ಜೂನ್‌ನಲ್ಲಿ ಬಿತ್ತಿದರೂ ಆಗಸ್ಟ್‌ನಲ್ಲಿ ಬಿತ್ತಿದರೂ ಪುಂಡಿ ಹೂ ಬಿಡುವುದು ಹೆಚ್ಚುಕಡಿಮೆ ಒಂದೇ ಕಾಲಕ್ಕೆ, ಬದಲಾಗುವುದು ಗಿಡದ ಎತ್ತರ ಮಾತ್ರ. ಇದನ್ನು ಅರಿತವರು ಬಯಲಿನ ಬೇಲಿಗೆ ಬೇಗ ಬಿತ್ತಿ ಆಳೆತ್ತರದ ಗಿಡ ಪಡೆಯುತ್ತಾರೆ, ಕುಂಡಕ್ಕೆ ತಡವಾಗಿ ಬಿತ್ತಿ ಸೊಂಟದ ಕೆಳಗಿನ ಗಿಡ ಪಡೆಯುತ್ತಾರೆ. ಇದೇ ಲೆಕ್ಕದ ಇನ್ನೊಂದು ಮುಖವೆಂದರೆ ಬೀದಿದೀಪ. ಗೇಟಿನ ಪಕ್ಕದಲ್ಲಿ, ರಾತ್ರಿಯಿಡೀ ಉರಿಯುವ ಎಲ್‌ಇಡಿ ದೀಪದ ಕೆಳಗಿರುವ ಅವರೆ ಬಳ್ಳಿ ಕತ್ತಲೆಯನ್ನೇ ಕಾಣದೆ ಬರಿಯ ಎಲೆ ಬಿಡುತ್ತ ಹೋಗಬಹುದು. ಹೂ ಬರಲಿಲ್ಲವೆಂದು ಗೊಬ್ಬರ ಹೆಚ್ಚಿಸುವ ಮೊದಲು ತಲೆಯೆತ್ತಿ ದೀಪ ಎಲ್ಲಿದೆ ಎಂದು ನೋಡುವುದು ಒಳ್ಳೆಯದು.

ಪುಂಡಿಯ ಬಗ್ಗೆ ಇಷ್ಟು ಹೇಳಿದ ಮೇಲೆ ಅದರ ವಿಚಾರವನ್ನು ಮುಗಿಸಿಯೇ ಮುಂದೆ ಹೋಗಬೇಕು, ಏಕೆಂದರೆ ಈ ಮೂರು ಜಿಲ್ಲೆಗಳ ಶರತ್ಕಾಲದ ತೋಟಕ್ಕೆ ಒಂದೇ ಗಿಡ ಆರಿಸಬೇಕೆಂದರೆ ನನ್ನ ಆಯ್ಕೆ ಅದೇ. ಜೋಳದ ರೊಟ್ಟಿಯ ಜೊತೆ ಪುಂಡಿಪಲ್ಯ ಉಣ್ಣದ ಮನೆ ಇಲ್ಲಿ ಸಿಗುವುದು ಕಷ್ಟ, ಆದರೆ ಅದನ್ನು ಅಂಗಳದ ಮುಂಭಾಗದಲ್ಲಿ ಅಲಂಕಾರಕ್ಕೆ ಹಾಕಿದವರು ವಿರಳ. ಪುಂಡಿಯಲ್ಲಿ ಎರಡು ಜಾತಿಗಳಿವೆ. ಒಂದು ನಾರಿಗೂ ಪಲ್ಯಕ್ಕೂ ಬಳಸುವ, ಹಸ್ತದಂತೆ ಸೀಳಿದ ಎಲೆಯದು. ಅದರ ಹೂ ಚೆಲುವಾದರೂ ಕಾಯಿಯ ಹೊದಿಕೆ ಮುಳ್ಳುಮುಳ್ಳಾಗಿದ್ದು ಉಪಯೋಗಕ್ಕೆ ಬಾರದು. ಇನ್ನೊಂದು ಕೆಂಪು ಪುಂಡಿ. ಇದರ ಕಾಂಡ, ತೊಟ್ಟು, ನರ ಎಲ್ಲವೂ ಕೆಂಪು, ಹೂ ಉದುರಿದ ಮೇಲೆ ಅದರ ಪುಷ್ಪಪಾತ್ರೆ, ಅಂದರೆ ಹೂವಿನ ಬುಡದ ಹೊದಿಕೆ, ದಪ್ಪವಾಗಿ, ರಸತುಂಬಿ, ಹೊಳೆಯುವ ಕಡುಗೆಂಪಾಗುತ್ತದೆ. ಅಲಂಕಾರಕ್ಕೆ ಬೇಕಾದದ್ದು ಈ ಎರಡನೆಯದು.

ಮೃಗಶಿರ ಅಥವಾ ಆರಿದ್ರಾ ಮಳೆಗೆ ಬಿತ್ತಿ, ಗಿಡದಿಂದ ಗಿಡಕ್ಕೆ ಎರಡರಿಂದ ಮೂರು ಅಡಿ ಅಂತರ ಬಿಟ್ಟು, ಒಂದಡಿ ಎತ್ತರಕ್ಕೆ ಬಂದಾಗ ಕುಡಿ ಚಿವುಟಿದರೆ ಅದು ಕವಲೊಡೆದು ಪೊದೆಯಾಗುತ್ತದೆ. ಚಿವುಟಿದ ಕುಡಿಯೇ ಮೊದಲ ಪಲ್ಯ. ಆಗಸ್ಟ್ ಮಧ್ಯದವರೆಗೆ ಹೀಗೆ ಕುಡಿ ಕೊಯ್ಯುತ್ತ ಹೋಗಬಹುದು. ಆಮೇಲೆ ಕೈ ಬಿಗಿಹಿಡಿಯಬೇಕು, ಏಕೆಂದರೆ ಮುಂದೆ ಹೂ ಬಿಡುವುದು ಆ ಕುಡಿಗಳಲ್ಲಿಯೇ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ತುಂಬ ಬೆಣ್ಣೆ ಬಣ್ಣದ, ನಡುವೆ ಕಡುಗೆಂಪು ಕಣ್ಣಿನ ಹೂಗಳು ಬೆಳಿಗ್ಗೆ ಅರಳಿ ಅದೇ ದಿನ ಮುದುಡುತ್ತವೆ. ಹೂ ಬಾಡಿದ ಎರಡು-ಮೂರು ವಾರಗಳಲ್ಲಿ ಪುಷ್ಪಪಾತ್ರೆ ಕೊಯ್ಲಿಗೆ ಬರುತ್ತದೆ. ಬೆರಳಲ್ಲಿ ಹಿಡಿದು ಬಾಗಿಸಿದರೆ ಗರಿಗರಿಯಾಗಿ ಪಟ್ಟೆಂದು ಮುರಿಯಬೇಕು. ಒಳಗಿನ ಹಸಿರು ಬೀಜಕೋಶವನ್ನು ತಳದಿಂದ ಒತ್ತಿ ಹೊರದಬ್ಬಿದರೆ ಐದು ಕೆಂಪು ಎಸಳುಗಳ ಬಟ್ಟಲು ಕೈಯಲ್ಲಿ ಉಳಿಯುತ್ತದೆ. ಇದನ್ನು ಚಟ್ನಿಗೆ, ಶರಬತ್ತಿಗೆ, ಒಣಗಿಸಿ ಕಷಾಯಕ್ಕೆ ಬಳಸಬಹುದು. ಇನ್ನೂ ಒಂದು ವಾರ ಬಿಟ್ಟರೆ ಅದು ನೋಡಲು ಹಾಗೆಯೇ ಇರುತ್ತದೆ, ತಿನ್ನಲು ನಾರಾಗಿರುತ್ತದೆ. ಕೆಳಗಿನವನ್ನು ಕೊಯ್ಯುತ್ತ ಮೇಲಿನವನ್ನು ನೋಟಕ್ಕೆ ಬಿಡುವುದು ಇದಕ್ಕೆ ಒಗ್ಗುವ ಕ್ರಮ. ಹಿಟ್ಟು ತಿಗಣೆ ಇದರ ಮುಖ್ಯ ಶತ್ರು. ಕವಲಿನ ಸಂದಿಯಲ್ಲಿ ಬಿಳಿ ಹತ್ತಿಯಂಥ ಗಂಟು ಕಂಡ ಕೂಡಲೇ ಆ ಕುಡಿಯನ್ನು ಕತ್ತರಿಸಿ ತೆಗೆದು, ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಂದಿಗೆ ಕದಡಿ ಸಂಜೆ ಸಿಂಪಡಿಸಿದರೆ ಸಾಕು.

ಈಗ ಮೊದಲೇ ಹೇಳಿದ ಜಗಳದ ವಿಚಾರ. ಸೊಪ್ಪಿನ ಗಿಡಗಳಲ್ಲಿ ತಿನ್ನುವ ಹದ ಮೊದಲು ಬರುತ್ತದೆ, ಬಣ್ಣದ ಹದ ಆಮೇಲೆ ಬರುತ್ತದೆ. ಕೆಂಪು ರಾಜಗಿರಿ ಬಿತ್ತಿದ 25-30 ದಿನಗಳಲ್ಲಿ ಎಳೆಯದಾಗಿ ಕೊಯ್ಲಿಗೆ ಸಿದ್ಧ. ಆದರೆ ಅದರ ನಿಜವಾದ ವೈಭವ, ಅಂದರೆ ತುದಿಯ ಎಲೆಗಳು ಹೊತ್ತಿ ಉರಿಯುವಂತೆ ಕೆಂಪಾಗುವುದು, ಗಿಡ ಎತ್ತರಕ್ಕೆ ಬೆಳೆದು ಹೂವಿನ ಕಡೆಗೆ ತಿರುಗಿದಾಗ. ಆಗ ದಂಟು ನಾರಾಗಿ ಎಲೆ ಒಗರಾಗಿರುತ್ತದೆ. ಕಾಯಿ-ಹಣ್ಣಿನ ಗಿಡಗಳಲ್ಲಿ ಈ ತೊಡಕು ಕಡಿಮೆ, ಏಕೆಂದರೆ ಬಣ್ಣ ಬಂದದ್ದೇ ತಿನ್ನುವ ಗುರುತು. ಹಾಗಾಗಿ ತೋಟದ ಹಿಂದಿನ ಸಾಲಿನ ಸ್ಥಿರವಾದ ಬಣ್ಣಕ್ಕೆ ಪುಂಡಿ, ಅವರೆ, ಮೆಣಸಿನಕಾಯಿ, ಬದನೆಗಳನ್ನು ನೆಚ್ಚಿಕೊಳ್ಳಬೇಕು. ಮುಂದಿನ ಸಾಲಿಗೆ ರಾಜಗಿರಿಯನ್ನು ಆಗಸ್ಟ್ ಮಧ್ಯದಿಂದ ಹದಿನೈದು ದಿನಕ್ಕೊಮ್ಮೆ ಸಣ್ಣ ಸಣ್ಣ ಪಟ್ಟಿಯಾಗಿ ಬಿತ್ತುತ್ತ ಹೋಗಬೇಕು. ಒಂದು ಪಟ್ಟಿ ಕೊಯ್ಲಾದಾಗ ಇನ್ನೊಂದು ತುಂಬಿ ನಿಂತಿರುತ್ತದೆ, ಅಂಗಳ ಬೋಳಾಗಿ ಕಾಣುವುದಿಲ್ಲ. ಬೇರುಸಹಿತ ಕೀಳುವ ಬದಲು ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುವ ತಳಿಗಳೂ ಇವೆ; ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅರುಣಿಮಾ ಹೀಗೆ ಹಲವು ಕೊಯ್ಲು ಕೊಡುವ ಕೆಂಪು ತಳಿ. ಬೀಜ ಧೂಳಿನಷ್ಟು ಸಣ್ಣದಾದ್ದರಿಂದ ಮರಳಿನೊಂದಿಗೆ ಬೆರೆಸಿ ಉದುರಿಸಿ, ಮೇಲೆ ಮಣ್ಣು ಮುಚ್ಚಿಯೂ ಮುಚ್ಚದಂತೆ ಬಿಡಬೇಕು.

ಅವರೆಗೆ ಚಪ್ಪರವೋ ಬೇಲಿಯೋ ಬೇಕು. ಒಣಗಿದ ತೊಗರಿ ಕಟ್ಟಿಗೆ ಇಲ್ಲಿ ಎಲ್ಲೆಡೆ ಸಿಗುವುದರಿಂದ ಹಂದರಕ್ಕೆ ಹಣ ಖರ್ಚು ಮಾಡಬೇಕಿಲ್ಲ. ನೇರಳೆ ಹೂಗೊಂಚಲು ಮತ್ತು ನೇರಳೆ ಅಂಚಿನ ಕಾಯಿಯ ನಾಟಿ ಬಳ್ಳಿಯನ್ನೇ ಹುಡುಕಿ ಬಿತ್ತಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆಯ ಗಿಡ್ಡ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ಯಾವಾಗ ಬಿತ್ತಿದರೂ ಹೂ ಬಿಡುವಂಥವು. ಹೊಲಕ್ಕೆ ಅದು ದೊಡ್ಡ ಅನುಕೂಲ, ಆದರೆ ಶರತ್ಕಾಲಕ್ಕೆಂದೇ ಕಾದು ಮೈತುಂಬ ಹೂ ಹೊರುವ ಬಳ್ಳಿಯ ಚೆಲುವು ಅವುಗಳಲ್ಲಿ ಇಲ್ಲ. ಅಂಗಳದ ಹಿಂಬದಿಗೆ ನಾಲ್ಕು ತೊಗರಿ ಗಿಡ ಹಾಕುವುದನ್ನೂ ನಾನು ಬಲವಾಗಿ ಹೇಳುತ್ತೇನೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಅದೇ ಗಿಡ ಕೆಂಪು ಗೆರೆಯ ಹಳದಿ ಹೂ ತುಂಬಿ ನಿಂತಾಗ ಪೇಟೆಯ ಯಾವ ಹೂಗಿಡಕ್ಕೂ ಕಡಿಮೆಯಿಲ್ಲ, ಮುಂದೆ ಎಳ್ಳಮಾಸೆಯ (ಎಳ್ಳು ಅಮಾವಾಸ್ಯೆಯ) ಭಜ್ಜಿಗೆ, ಅಂದರೆ ಸೊಪ್ಪು-ಕಾಳುಗಳ ಪಲ್ಯಕ್ಕೆ, ಹಸಿ ಕಾಯಿಯೂ ಮನೆಯಲ್ಲೇ ಸಿಗುತ್ತದೆ.

ಮೆಣಸಿನಕಾಯಿಗೆ ತಾಳ್ಮೆ ಬೇಕು. ನೇರಳೆಯಿಂದ ಕೇಸರಿಗೆ, ಕೇಸರಿಯಿಂದ ಕೆಂಪಿಗೆ ತಿರುಗುವ ಗೊಂಚಲುಕಾಯಿಯ ಅಲಂಕಾರಿಕ ತಳಿಗಳು ಬೀಜದಿಂದ ಬಣ್ಣಕ್ಕೆ ಬರಲು ಮೂರೂವರೆ-ನಾಲ್ಕು ತಿಂಗಳು ಹಿಡಿಯುತ್ತವೆ, ಹಾಗಾಗಿ ಸಸಿ ಮಡಿ ಜೂನ್‌ನಲ್ಲೇ ಆಗಬೇಕು. ಬದನೆಗೂ ಅದೇ ಲೆಕ್ಕ. ಬೆಂಡೆಗೆ ಒಂದೂವರೆ ತಿಂಗಳು ಸಾಕು. ವಾರಾಣಸಿಯ ತರಕಾರಿ ಸಂಶೋಧನಾ ಸಂಸ್ಥೆಯ ಕಾಶಿ ಲಾಲಿಮಾ ಎಂಬ ಕೆಂಪು ಬೆಂಡೆಯನ್ನು ಆಗಸ್ಟ್‌ನಲ್ಲಿ ಬಿತ್ತಿದರೆ ನವರಾತ್ರಿಯ ಹೊತ್ತಿಗೆ ಕಾಯಿ. ಕೆಂಪು ಕಾಂಡದ ಬಸಳೆಯನ್ನು ತುಂಡು ನೆಟ್ಟೇ ಬೆಳೆಸಬಹುದು. ಅಕ್ಟೋಬರ್‌ನಲ್ಲಿ ಬಳ್ಳಿಯ ತುಂಬ ಕಡುನೇರಳೆ ಹಣ್ಣು, ಹಿಸುಕಿದರೆ ಬೆರಳೆಲ್ಲ ಬಣ್ಣ.

ಬೀಟ್‌ರೂಟ್ ಮತ್ತು ಬಣ್ಣದ ದಂಟಿನ ಸ್ವಿಸ್ ಚಾರ್ಡ್ ಸೊಪ್ಪು ಮಳೆ ಹಿಂಜರಿದ ಮೇಲೆ, ಹಸ್ತ-ಚಿತ್ತಿ ಮಳೆಗಳ ನಡುವೆ, ಬಿತ್ತತಕ್ಕವು. ಅವುಗಳ ಒಂದು ಬೀಜವೆಂದು ಕಾಣುವುದು ಹಲವು ಬೀಜಗಳ ಗುಚ್ಛವಾದ್ದರಿಂದ ಒಂದೆಡೆ ಮೂರು-ನಾಲ್ಕು ಸಸಿ ಏಳುತ್ತವೆ, ಒಂದನ್ನು ಬಿಟ್ಟು ಉಳಿದವನ್ನು ಕತ್ತರಿಸಬೇಕು. ಉಪ್ಪು ಬೆರೆತ ಕೊಳವೆಬಾವಿ ನೀರನ್ನು ಈ ಕುಟುಂಬ ಇತರ ತರಕಾರಿಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ ಎಂಬುದು ನಮ್ಮ ಕಡೆ ಗಮನಿಸಬೇಕಾದ ಗುಣ. ಚಿತ್ರಗಳಲ್ಲಿ ಮೋಹಕವಾಗಿ ಕಾಣುವ ಅಲಂಕಾರಿಕ ಎಲೆಕೋಸಿನ ಬಗ್ಗೆ ಮಾತ್ರ ಆಸೆ ಬೇಡ. ಅದಕ್ಕೆ ಬಣ್ಣ ಬರಲು ರಾತ್ರಿ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದು ಕೆಲವು ದಿನ ಹಾಗೆಯೇ ಇರಬೇಕು. ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿರುವ ಬೀದರ್‌ನಲ್ಲಿ ಚಳಿಗಾಲದ ನಡುವೆ ಅದು ಸಾಧ್ಯ, ತಗ್ಗಿನ ಯಾದಗಿರಿಯಲ್ಲಿ ಕಷ್ಟ, ಶರತ್ಕಾಲದಲ್ಲಂತೂ ಎಲ್ಲಿಯೂ ಇಲ್ಲ.

ಮಣ್ಣಿನ ವಿಚಾರದಲ್ಲಿಯೂ ಮೂರು ಜಿಲ್ಲೆಗಳು ಒಂದೇ ಅಲ್ಲ. ಕಲಬುರಗಿಯ ಎರಿ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದು ಹಿಗ್ಗುತ್ತದೆ, ಒಣಗಿ ಬಿರಿಯುತ್ತದೆ. ಸೆಪ್ಟೆಂಬರ್ ಇಲ್ಲಿ ಜೋರು ಮಳೆಯ ತಿಂಗಳು. ಸಮತಟ್ಟಾದ ಮಡಿಯಲ್ಲಿ ಎರಡು ದಿನ ನೀರು ನಿಂತರೆ ಮೆಣಸಿನಕಾಯಿ ಬುಡ ಕೊಳೆತು ಹೋಗುತ್ತದೆ. ಒಂದಡಿ ಎತ್ತರದ ಏರುಮಡಿ ಮಾಡಿ, ತಿಪ್ಪೆಗೊಬ್ಬರವನ್ನು ಧಾರಾಳವಾಗಿ ಬೆರೆಸುವುದು ಇದಕ್ಕೆ ಸರಿಯಾದ ಉಪಾಯ. ಬೀದರ್‌ನ ಜಂಬಿಟ್ಟಿಗೆ ನೆಲದ ಕೆಮ್ಮಣ್ಣು ಇದಕ್ಕೆ ವಿರುದ್ಧ ಸ್ವಭಾವದ್ದು. ನೀರು ಬೇಗ ಬಸಿದು ಹೋಗುತ್ತದೆ, ಅಕ್ಟೋಬರ್ ಮಧ್ಯದಲ್ಲೇ ಒಣಗತೊಡಗುತ್ತದೆ, ಅಲ್ಲಿ ತೊಗರಿ ಹೊಟ್ಟು ಅಥವಾ ಜೋಳದ ಕಣಿಕೆಯ ಹೊದಿಕೆ ಬುಡಕ್ಕೆ ಹಾಕಲೇಬೇಕು. ಯಾದಗಿರಿಯಲ್ಲಿ ಎರಡು ಬಗೆಯ ಮಣ್ಣೂ ಇದೆ. ಶಹಾಪುರ, ಸುರಪುರ ಕಡೆಯ ಕಾಲುವೆ ಪ್ರದೇಶದಲ್ಲಿ ನೀರಿನ ಕೊರತೆಗಿಂತ ಅತಿ ತೇವದ ತೊಂದರೆಯೇ ಹೆಚ್ಚು.

ಸುಣ್ಣದ ಅಂಶ ಹೆಚ್ಚಿರುವ ಎರಿ ಮಣ್ಣಿನಲ್ಲಿ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ನಡುವೆಲ್ಲ ಹಳದಿಯಾಗುವುದುಂಟು. ಅದು ಶರತ್ಕಾಲದ ಬಣ್ಣವಲ್ಲ, ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕ್ಷಾರದಿಂದಾಗಿ ಬೇರಿಗೆ ಎಟುಕುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಎಲೆಗೆ ಸಿಂಪಡಿಸಿದರೆ ಹೊಸ ಎಲೆಗಳು ಹಸಿರಾಗಿ ಬರುತ್ತವೆ. ಯೂರಿಯಾದ ಮಟ್ಟಿಗೆ ಇದಕ್ಕೆ ತದ್ವಿರುದ್ಧ ಎಚ್ಚರ ಬೇಕು: ಸಾರಜನಕ ಹೆಚ್ಚಾದರೆ ಗಿಡ ಹಸಿರಿನ ಬೆಳವಣಿಗೆಯನ್ನೇ ಹಿಡಿದು ಕೆಂಪು ತೆಳುವಾಗುತ್ತದೆ, ಹೂ ತಡವಾಗುತ್ತದೆ. ಸೆಪ್ಟೆಂಬರ್ ನಂತರ ಗಿಡವನ್ನು ತುಸು ಹಸಿವಿನಲ್ಲಿಯೇ ಇಡುವುದು ಬಣ್ಣಕ್ಕೆ ಒಳ್ಳೆಯದು.

ಅಲಂಕಾರದ ಗಿಡವನ್ನು ತಿನ್ನುವಾಗ ಕೆಲವು ಎಚ್ಚರಗಳು ಕಡ್ಡಾಯ. ನರ್ಸರಿಯಲ್ಲಿ ಕಾಯಿ ತುಂಬಿದ ಮೆಣಸಿನ ಕುಂಡ ತಂದರೆ ಅದರಲ್ಲಿರುವ ಕಾಯಿಗಳನ್ನು ಕಿತ್ತೆಸೆದು, ಮನೆಯಲ್ಲಿ ಹೊಸದಾಗಿ ಬಂದವನ್ನು ಮಾತ್ರ ಬಳಸಬೇಕು, ಏಕೆಂದರೆ ನೋಟಕ್ಕೆಂದು ಮಾರುವ ಗಿಡಕ್ಕೆ ಹೊಡೆದ ಔಷಧಿ ತಿನ್ನುವ ಬೆಳೆಯ ನಿಯಮಕ್ಕೆ ಒಳಪಟ್ಟಿರುವುದಿಲ್ಲ. ಚೆಂಡು ಹೂವಿನ ಎಸಳಿಗೂ ಇದೇ ಮಾತು. ಮೆಣಸಿನಂತೆಯೇ ಕಿತ್ತಳೆ ಬಣ್ಣದ ದುಂಡು ಹಣ್ಣು ಬಿಡುವ, ಬದನೆ ಕುಟುಂಬದ ಜೆರುಸಲೇಮ್ ಚೆರಿ ಎಂಬ ಕುಂಡದ ಗಿಡ ವಿಷಕಾರಿ. ಮಕ್ಕಳು ಅಂಗಳದಲ್ಲಿ ಕಿತ್ತು ತಿನ್ನುವ ರೂಢಿ ಬೆಳೆಸಿಕೊಂಡ ಮೇಲೆ ಅದೇ ಸಾಲಿನಲ್ಲಿ ಕಣಗಿಲೆ, ಗುಲಗಂಜಿ ಇರಬಾರದು. ಅವರೆಯ ಒಣಕಾಳನ್ನು ನೆನೆಸಿ, ನೀರು ಚೆಲ್ಲಿ, ಪೂರ್ತಿ ಬೇಯಿಸಿಯೇ ತಿನ್ನಬೇಕು, ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶಗಳಿವೆ. ರಾಜಗಿರಿ, ಬಸಳೆ, ಚಾರ್ಡ್, ಬೀಟ್ ಸೊಪ್ಪುಗಳಲ್ಲಿ ಆಕ್ಸಲೇಟ್ ಹೆಚ್ಚಿರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಬೇಯಿಸಿದ ನೀರು ಚೆಲ್ಲಿ, ಮಿತವಾಗಿ ಉಣ್ಣಬೇಕು.

ಕಾರ್ತಿಕ ಮುಗಿಯುವ ಹೊತ್ತಿಗೆ ಬಣ್ಣದ ಸರದಿ ಹಿಂಗಾರಿ ಗಿಡಗಳಿಗೆ ದಾಟುತ್ತದೆ. ಚಿತ್ತಿ ಮಳೆಯ ತೇವದಲ್ಲಿ ಬಿತ್ತಿದ ಕುಸುಬೆಯ ಎಳೆ ಸೊಪ್ಪು ನವೆಂಬರ್‌ನಲ್ಲಿ ಪಲ್ಯಕ್ಕೆ ಆಗುತ್ತದೆ, ಮುಳ್ಳು ಬಲಿತ ಮೇಲೆ ಹಳದಿಯಾಗಿ ಅರಳಿ ಕೇಸರಿಗೆ ಮಾಗುವ ಅದರ ಹೂ ಚಳಿಗಾಲದ್ದು. ಅಗಸೆಯ ನೀಲಿ ಹೂ ಬೆಳಗಿನ ಹೊತ್ತು ಮಾತ್ರ. ಇವೆರಡಕ್ಕೂ ಜಾಗ ಬೇಕೆಂದರೆ ಅಕ್ಟೋಬರ್‌ನಲ್ಲಿಯೇ ರಾಜಗಿರಿಯ ಒಂದೆರಡು ಪಟ್ಟಿಗಳನ್ನು ತೆರವು ಮಾಡಿರಬೇಕು.

ಬೀಜ ಎತ್ತಿಡುವವರಿಗೆ ಒಂದು ಮಾತು. ಪುಂಡಿ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ್ದು, ಒಣಗಿ ಕಂದಾದ ಕಾಯಿಯಿಂದ ತೆಗೆದ ಬೀಜ ತಾಯಿಯಂತೆಯೇ ಬರುತ್ತದೆ. ರಾಜಗಿರಿಯ ಪರಾಗ ಗಾಳಿಯಲ್ಲಿಯೂ ಹಾರುವುದರಿಂದ, ಪಕ್ಕದ ಮಡಿಯಲ್ಲಿ ಹಸಿರು ದಂಟು ಹೂ ಬಿಟ್ಟಿದ್ದರೆ ಮುಂದಿನ ವರ್ಷಗಳ ಕೆಂಪು ಮಡಿಯಲ್ಲಿ ಹಸಿರು, ಅರೆಗೆಂಪು ಸಸಿಗಳು ಏಳಬಹುದು. ಎರಡೆಲೆಯ ಹಂತದಲ್ಲಿಯೇ ಕಾಂಡದ ಬಣ್ಣ ನೋಡಿ ಅಂಥವನ್ನು ಕಿತ್ತು ಪಲ್ಯಕ್ಕೆ ಹಾಕಿ, ಉಳಿದವುಗಳಲ್ಲಿ ಅತ್ಯಂತ ಗಾಢ ಬಣ್ಣದ ನಾಲ್ಕಾರು ಗಿಡಗಳನ್ನು ಕೊಯ್ಯದೆ ಬೀಜಕ್ಕೆ ಬಿಡಬೇಕು.